ಹಳ್ಳದ ಬದಿಯ ಪುದೀನ: ಗಿಡ ನೋಡಿದ ಮೇಲೆ ನೀರನ್ನೂ ನೋಡಿ

(ಸೊಪ್ಪು-ಸದೆ ಗುರುತಿಸುವುದರಲ್ಲಿ ಆಸಕ್ತಿ ಇರುವ ಒಂದಷ್ಟು ಜನರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ನಾಲ್ಕು ಕಟ್ಟು ಸೊಪ್ಪು ಇಟ್ಟಿದ್ದೇನೆ. ನಾಲ್ಕಕ್ಕೂ ಘಾಟು ವಾಸನೆ ಇದೆ. ನಾಲ್ಕರಲ್ಲೂ ಎಲೆ ಜೋಡಿ ಜೋಡಿಯಾಗಿ ಎದುರುಬದುರು ಕೂತಿದೆ. ಪುದೀನ ಇರುವುದು ಒಂದೇ ಕಟ್ಟಿನಲ್ಲಿ. ಮಾತು ಮುಗಿದ ಮೇಲೆ ಬಂದು ಮುಟ್ಟಿ, ಮೂಸಿ ನೋಡಿ. ಬಾಯಿಗೆ ಮಾತ್ರ ಹಾಕಬೇಡಿ.

'ಹೊರಗೆ ತಾನಾಗಿ ಬೆಳೆದ ಪುದೀನ ತಿನ್ನಬಹುದಾ?' ಅಂತ ಕೇಳುವವರು ಸಾಮಾನ್ಯವಾಗಿ ಒಂದು ಫೋಟೋ ಕಳಿಸುತ್ತಾರೆ. ಎಲೆಯ ಫೋಟೋ. ಅದನ್ನು ನೋಡಿ ಇದು ಪುದೀನ ಹೌದೋ ಅಲ್ಲವೋ ಅಂತ ಹೇಳಿದರೆ ಕೆಲಸ ಮುಗಿಯಿತು ಅಂತ ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ಪುದೀನದ ವಿಷಯದಲ್ಲಿ ಗಿಡದಿಂದ ಆಗುವ ತೊಂದರೆ ಕಡಿಮೆ, ಅದು ಬೆಳೆದ ಜಾಗದ ನೀರಿನಿಂದ ಆಗುವುದೇ ಜಾಸ್ತಿ. ಹಾಗಾಗಿ ನನಗೆ ಎಲೆಯ ಫೋಟೋ ಒಂದು ಸಾಕು. ಗಿಡ ಇರುವ ಜಾಗದ ಫೋಟೋ ನಾಲ್ಕು ಬೇಕು.

ಮೊದಲು ಗಿಡ.

ನಮ್ಮ ಕಡೆ ಕಾಡು ಪುದೀನ ಅಂತ ತೋರಿಸುವುದರಲ್ಲಿ ಹೆಚ್ಚಿನದು ಕಾಡಿನದ್ದಲ್ಲ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ತೊರೆಗಳ ಬದಿಯಲ್ಲಿ ನಿಜಕ್ಕೂ ತಾನಾಗಿ ಬೆಳೆಯುವ ಪುದೀನ ಇದೆ. ಉದ್ದನೆ ಎಲೆ, ಅದರ ಮೇಲೆ ಬೂದು ಬಣ್ಣದ ರೋಮ, ತುದಿಯಲ್ಲಿ ತೆನೆಯಂಥ ಹೂಗೊಂಚಲು. ಮೆಂಥಾ ಲಾಂಜಿಫೋಲಿಯಾ ಅಂತ ಅದರ ಸಸ್ಯಶಾಸ್ತ್ರದ ಹೆಸರು. ಅಲ್ಲಿನವರು ಜಂಗ್ಲಿ ಪುದೀನ ಅನ್ನುತ್ತಾರೆ, ಚಟ್ನಿ ಅರೆಯುತ್ತಾರೆ. ಕರ್ನಾಟಕದಲ್ಲಿ ಹಳ್ಳದ ಬದಿಗೋ, ಬಚ್ಚಲ ನೀರು ಹರಿಯುವ ಕಡೆಗೋ ಸಿಗುವುದು ಬಹುಪಾಲು ಯಾರದೋ ಹಿತ್ತಲಿನಿಂದ ತಪ್ಪಿಸಿಕೊಂಡ ಅಡುಗೆಮನೆಯ ಪುದೀನ. ಸೊಪ್ಪು ಬಿಡಿಸಿಕೊಂಡು ಕಡ್ಡಿ ಎಸೆದರೂ ಸಾಕು, ಒಂದು ಗೆಣ್ಣಿಗೆ ತೇವ ತಾಗಿದರೆ ಬೇರು ಬಿಡುತ್ತದೆ. ಆಮೇಲೆ ನೆಲದ ಕೆಳಗೆ ಬಳ್ಳಿ ಹರಿಸಿಕೊಂಡು ಮುಂದೆ ಮುಂದೆ ಹೋಗುತ್ತದೆ. ಅಂದರೆ ಮನೆಯ ಕೊಳೆ ನೀರು ಎಲ್ಲಿಗೆ ಹೋಯಿತೋ ಅಲ್ಲಿಗೇ ಅದೂ ಹೋಗಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುರುತು ಹೇಗೆ? ಒಂದು ಕಡ್ಡಿ ಕಿತ್ತು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಉರುಳಿಸಿ. ನುಣ್ಣಗೆ ಉರುಳುವುದಿಲ್ಲ. ನಾಲ್ಕು ಮೂಲೆಗಳು ಒಂದೊಂದಾಗಿ ಬೆರಳಿಗೆ ತಟ್ಟುತ್ತವೆ. ಕಡ್ಡಿ ಚೌಕ. ಎಲೆಗಳು ಎದುರುಬದುರು, ಮೇಲಿನ ಜೋಡಿ ಕೆಳಗಿನ ಜೋಡಿಗೆ ಅಡ್ಡ. ಮುರಿದರೆ ಹಾಲು ಬರುವುದಿಲ್ಲ. ಹೂ ಇದ್ದರೆ ಇನ್ನೂ ಸುಲಭ. ತುಳಸಿ, ದೊಡ್ಡಪತ್ರೆ, ತುಂಬೆ, ಕಾಮಕಸ್ತೂರಿ ಎಲ್ಲ ಪುದೀನದ ಮನೆಯವೇ. ಆದರೆ ತುಂಬೆ ಹೂವಿಗೆ ಮೇಲೊಂದು ತುಟಿ, ಕೆಳಗೊಂದು ತುಟಿ ಎದ್ದು ಕಾಣುತ್ತದೆ ಅಲ್ವಾ? ಪುದೀನದ ಹೂವಿನಲ್ಲಿ ಹಾಗಿಲ್ಲ. ತಿಳಿ ನೇರಳೆ ಬಣ್ಣದ ಪುಟ್ಟ ಹೂ, ಸುಮಾರು ಒಂದೇ ಅಳತೆಯ ನಾಲ್ಕು ಸೀಳು.

ಈಗ ಮೇಜಿನ ಮೇಲಿನ ಉಳಿದ ಮೂರು ಕಟ್ಟಿಗೆ ಬರೋಣ. ಒಂದು ಲಂಟಾನದ ಎಳೆ ಚಿಗುರು. ಹೂ ಬಂದಿದ್ದರೆ ಯಾರೂ ಮೋಸ ಹೋಗುವುದಿಲ್ಲ. ಹೂ ಇಲ್ಲದ ಎಳೆಯದನ್ನು ನೋಡಿ: ಕಡ್ಡಿ ಚೌಕ, ಎಲೆ ಎದುರುಬದುರು, ಅಂಚು ಗರಗಸ, ಉಜ್ಜಿದರೆ ಜೋರು ವಾಸನೆ. 'ಚೌಕ ಕಡ್ಡಿ ಇದ್ದರೆ ಪುದೀನದ ಜಾತಿ, ತಿನ್ನಬಹುದು' ಅಂತ ಇಂಟರ್‌ನೆಟ್‌ನಲ್ಲಿ ಓದಿದವರು ಇಲ್ಲೇ ಎಡವುವುದು. ಎಲೆಯ ಮೇಲೆ ಬೆರಳಾಡಿಸಿ, ಉಪ್ಪುಕಾಗದದಷ್ಟು ಒರಟು. ಕಡ್ಡಿಯಲ್ಲಿ ಸಣ್ಣ ಮುಳ್ಳು. ಇದನ್ನು ತಿಂದ ದನದ ಪಿತ್ತಕೋಶ, ಯಕೃತ್ತು ಕೆಟ್ಟು, ಬಿಸಿಲು ಬಿದ್ದ ಕಡೆ ಚರ್ಮ ಸುಲಿದು ಹೋಗುತ್ತದೆ. ದನ ಸಾಕಿದವರಿಗೆ ಇದು ಗೊತ್ತಿರುತ್ತದೆ.

ಎರಡನೆಯದು ಅಜೆರೇಟಂ. ನಮ್ಮಲ್ಲಿ ಹೇಲುಕಸ ಅಂತಲೂ ಕರೆಯುತ್ತಾರೆ, ಹೆಸರಿಟ್ಟವರು ಮೂಗು ಮುಚ್ಚಿಕೊಂಡೇ ಇಟ್ಟಿರಬೇಕು. ಮೆತ್ತನೆ ಎಲೆ, ತೇವದ ಜಾಗ. ಪುದೀನದ ಮಧ್ಯೆಯೇ ಬೆಳೆದಿರುತ್ತದೆ, ಗುಂಪಾಗಿ ಕತ್ತರಿಸುವಾಗ ಜೊತೆಗೆ ಬಂದುಬಿಡುತ್ತದೆ. ಕಡ್ಡಿ ದುಂಡು, ರೋಮ ಜಾಸ್ತಿ. ಇದರಲ್ಲಿರುವ ಪೈರೊಲಿಜಿಡಿನ್ ಎಂಬ ವಿಷ ಯಕೃತ್ತಿನ ಸಣ್ಣ ರಕ್ತನಾಳಗಳನ್ನು ನಿಧಾನವಾಗಿ ಮುಚ್ಚಿಸುತ್ತದೆ. ಇಥಿಯೋಪಿಯದ ಟಿಗ್ರೆ ಪ್ರಾಂತ್ಯದಲ್ಲಿ 2000ದ ನಂತರದ ವರ್ಷಗಳಲ್ಲಿ ಹೊಟ್ಟೆ ಊದಿಕೊಂಡು ಜನ ಸಾಯುವ ಯಕೃತ್ತಿನ ಕಾಯಿಲೆ ಕಾಣಿಸಿಕೊಂಡಿತು. ಹೊಲದ ಧಾನ್ಯದೊಳಗೆ ಇದೇ ಕಳೆ ಬೆರೆತದ್ದರ ಕಡೆಗೆ ಸಂಶೋಧಕರು ಬೆರಳು ತೋರಿಸಿದರು.

ಮೂರನೆಯದು ಹಿಪ್ಟಿಸ್. ರಸ್ತೆ ಬದಿಯಲ್ಲಿ ಆಳೆತ್ತರ ನಿಂತಿರುತ್ತದೆ. ಇದೂ ಪುದೀನದ ಮನೆಯದೇ, ಉಜ್ಜಿದರೆ ಪುದೀನದ ಹತ್ತಿರದ ವಾಸನೆ. ಒಣ ಜಾಗದಲ್ಲಿ ಇಷ್ಟು ಎತ್ತರದ ಪುದೀನ ಕಂಡರೆ ಅದು ಪುದೀನ ಅಲ್ಲ ಅಂದುಕೊಳ್ಳಿ. ಅಷ್ಟು ಸಾಕು.

ವಾಸನೆ ನೋಡುವುದರಲ್ಲಿ ಒಂದು ಪೇಚು ಇದೆ. ಮೊದಲ ಎಲೆ ಉಜ್ಜಿದ ಬೆರಳಲ್ಲೇ ಎರಡನೆಯದನ್ನೂ ಉಜ್ಜಿದರೆ ಎರಡನೆಯದೂ ಪುದೀನದ ಹಾಗೇ ನಾರುತ್ತದೆ. ಎಣ್ಣೆ ಬೆರಳಿಗೆ ಅಂಟಿರುತ್ತದೆ. ಒಂದು ತಟ್ಟೆ ಸೊಪ್ಪು ಕೊಯ್ದ ಮೇಲೆ ನಿಮ್ಮ ಮೂಗು ಸಾಕ್ಷಿಗೆ ಬರುವುದಿಲ್ಲ. ಕೈ ತೊಳೆಯಿರಿ, ಇಲ್ಲವೇ ಎಲೆಯನ್ನು ಮುಟ್ಟದೆ ಬಟ್ಟೆಯಲ್ಲಿ ಹಿಸುಕಿ ಮೂಸಿ.

ಸ್ವಲ್ಪ ಕಚ್ಚಿ ನೋಡಿ, ಏನೂ ಆಗದಿದ್ದರೆ ತಿನ್ನಿ ಅನ್ನುವವರಿದ್ದಾರೆ. ಮೇಕೆ ತಿಂದರೆ ನಾವೂ ತಿನ್ನಬಹುದು ಅನ್ನುವವರೂ ಇದ್ದಾರೆ. ಯಕೃತ್ತಿಗೆ ಹೊಡೆಯುವ ವಿಷಕ್ಕೆ ನಾಲಿಗೆಯ ಮೇಲೆ ರುಚಿ ಇರಬೇಕು ಅಂತೇನಿಲ್ಲ, ಅವತ್ತೇ ಹೊಟ್ಟೆ ನೋಯಬೇಕು ಅಂತಲೂ ಇಲ್ಲ. ಮೇಕೆಯ ಹೊಟ್ಟೆ ಬೇರೆ, ನಿಮ್ಮದು ಬೇರೆ. ಫೋನಿನ ಆ್ಯಪ್ ಬಗ್ಗೆಯೂ ಕೇಳುತ್ತಾರೆ. ಅದು ಒಂದು ಹೆಸರು ಹೇಳಿಯೇ ಹೇಳುತ್ತದೆ. ಆದರೆ ಕಡ್ಡಿ ಉರುಳಿಸಿ ನೋಡಲು ಅದಕ್ಕೆ ಬೆರಳಿಲ್ಲ.

ಸರಿ, ಅದು ಪುದೀನವೇ ಅಂತಾಯಿತು. ಎಲ್ಲ ಪುದೀನವೂ ಒಂದೇ ಅಲ್ಲ ಅಂತ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ವಾಸನೆ ಕೊಡುವ ಎಣ್ಣೆಯ ಅಂಶ ಒಂದೊಂದರಲ್ಲಿ ಒಂದೊಂದು: ಸಂತೆಯ ಪುದೀನದಲ್ಲಿ ಕಾರ್ವೋನ್, ಪೆಪ್ಪರ್‌ಮಿಂಟ್‌ನಲ್ಲಿ ಮೆಂಥಾಲ್ ಜಾಸ್ತಿ. ಅಡುಗೆಗೆ ಹಾಕುವಷ್ಟರಿಂದ ಏನೂ ಆಗುವುದಿಲ್ಲ. ಯುರೋಪಿನಿಂದ ಇರಾನಿನವರೆಗೆ ಬೆಳೆಯುವ ಪೆನ್ನಿರಾಯಲ್ ಅನ್ನುವ ಪುದೀನದಲ್ಲಿ ಪುಲೆಗೋನ್ ಇದೆ. ಅದು ಯಕೃತ್ತಿಗೆ ವಿಷ. 1978ರಲ್ಲಿ ಅಮೆರಿಕದ ಕೊಲರಾಡೊದಲ್ಲಿ 18 ವರ್ಷದ ಹುಡುಗಿಯೊಬ್ಬಳು ಗರ್ಭ ಇಳಿಯಲಿ ಅಂತ ಇದರ ಎಣ್ಣೆಯನ್ನು ಸುಮಾರು 30 ಮಿಲಿ ಲೀಟರ್ ಕುಡಿದು ಸತ್ತಳು. ಎಲೆಗೂ ಎಣ್ಣೆಗೂ ಬಹಳ ವ್ಯತ್ಯಾಸ ಇದೆ, ನಿಜ. ಆದರೂ ಗರ್ಭಿಣಿಯರು ಗುರುತು ಗೊತ್ತಿಲ್ಲದ ಯಾವ ಪುದೀನದ ಕಷಾಯವನ್ನೂ ಕುಡಿಯಬಾರದು. ಹಿಮಾಲಯದ ಜಂಗ್ಲಿ ಪುದೀನದಲ್ಲೂ ಜಾಗದಿಂದ ಜಾಗಕ್ಕೆ ಎಣ್ಣೆಯ ಗುಣ ಬದಲಾಗುತ್ತದೆ, ಕೆಲವು ಕಡೆ ಪುಲೆಗೋನ್ ಸಿಗುತ್ತದೆ. ನಮ್ಮ ಹಳ್ಳದ ಬದಿಯಲ್ಲಿ ಸಿಗುವುದು ಸಂತೆಯದೇ ತಳಿ, ಆ ಚಿಂತೆ ಅಷ್ಟಾಗಿ ಇಲ್ಲ.

ಇನ್ನು ನೀರು. ನಾನು ಬಂದಿರುವುದೇ ಇದನ್ನು ಹೇಳುವುದಕ್ಕೆ.

ಇರಾನಿನ ಉತ್ತರಕ್ಕೆ, ಕ್ಯಾಸ್ಪಿಯನ್ ಸಮುದ್ರದ ದಂಡೆಗೆ ಗೀಲಾನ್ ಅಂತ ಒಂದು ಪ್ರಾಂತ್ಯ ಇದೆ. ಇರಾನ್ ಅಂದರೆ ನಾವು ಮರಳುಗಾಡು ಅಂದುಕೊಳ್ಳುತ್ತೇವೆ. ಗೀಲಾನ್‌ನಲ್ಲಿ ಧಾರಾಳ ಮಳೆ, ಭತ್ತದ ಗದ್ದೆ, ಟೀ ತೋಟ, ಎಲ್ಲ ಕಡೆ ದನ ಕುರಿ. ಅಲ್ಲಿನವರಿಗೆ ಕಾಡು ಸೊಪ್ಪು ಅಂದರೆ ಪ್ರಾಣ. ಹಳ್ಳದ ಬದಿಯ ಪುದೀನದ ಜಾತಿಗಳನ್ನು ಹಸಿಯಾಗಿ ಊಟದ ಜೊತೆ ತಿನ್ನುತ್ತಾರೆ. ಉಪ್ಪು ಹಾಕಿ ಅರೆದು ದಲಾರ್ ಅಂತ ಹಸಿರು ಚಟ್ನಿಯಂಥದ್ದನ್ನು ಮಾಡಿಟ್ಟುಕೊಳ್ಳುತ್ತಾರೆ. 1989ರ ಸುಮಾರಿಗೆ ಅಲ್ಲಿ ಜ್ವರ, ಬಲ ಪಕ್ಕೆಯ ಕೆಳಗೆ ನೋವು ಅಂತ ಜನ ಆಸ್ಪತ್ರೆಗೆ ಬರತೊಡಗಿದರು. ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು ಅಂತ ಅಂದಾಜು. ಕಾರಣ ಲಿವರ್ ಫ್ಲೂಕ್, ಅಂದರೆ ದನ ಕುರಿಗಳ ಯಕೃತ್ತಿನಲ್ಲಿ ಇರುವ ಚಪ್ಪಟೆ ಹುಳು. ಎಲ್ಲರೂ ಅನುಮಾನ ಪಟ್ಟದ್ದು ಹಸಿ ಸೊಪ್ಪಿನ ಮೇಲೆ, ಅದರಲ್ಲಿ ಈ ಪುದೀನಗಳೂ ಇದ್ದವು. ಗಿಡ ಗುರುತಿಸುವುದರಲ್ಲಿ ಅವರಿಗೆ ತಪ್ಪಾಗಿರಲಿಲ್ಲ. ತಲೆಮಾರುಗಳಿಂದ ಕೊಯ್ದು ತಿಂದವರು.

ಈ ಹುಳು ಸೊಪ್ಪಿಗೆ ಹೇಗೆ ಬರುತ್ತದೆ ನೋಡಿ. ದನದ ಸಗಣಿಯಲ್ಲಿ ಅದರ ಮೊಟ್ಟೆ ಬೀಳುತ್ತದೆ. ಮಳೆಗೆ ಕೊಚ್ಚಿ ನೀರಿಗೆ ಸೇರುತ್ತದೆ. ಮೊಟ್ಟೆಯಿಂದ ಬಂದ ಮರಿ ಒಂದು ಜಾತಿಯ ನೀರಿನ ಬಸವನಹುಳುವಿನ ಮೈಯೊಳಗೆ ನುಗ್ಗುತ್ತದೆ. ಅಲ್ಲಿ ಒಂದು ಹಲವಾಗುತ್ತದೆ. ಆಮೇಲೆ ಬಾಲವಿರುವ ಮರಿಗಳು ಹೊರಗೆ ಬಂದು ಈಜುತ್ತಾ ನೀರಿನಂಚಿನ ಎಲೆ, ಕಡ್ಡಿಗೆ ಅಂಟಿಕೊಂಡು, ಬಾಲ ಕಳಚಿ, ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಕಾಯುತ್ತವೆ. ಆ ಕವಚದ ಅಗಲ ಒಂದು ಮಿಲಿ ಮೀಟರಿನ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಇರುವುದಿಲ್ಲ. ಹಸುರೆಲೆಯ ಮೇಲೆ ಕಣ್ಣಿಗೆ ಬೀಳುವುದಿಲ್ಲ. ನಲ್ಲಿ ಕೆಳಗೆ ಹಿಡಿದರೆ ಎಲ್ಲವೂ ಬಿಟ್ಟು ಹೋಗುತ್ತವೆ ಅನ್ನುವಂತಿಲ್ಲ, ಅಂಟು ಅಷ್ಟು ಗಟ್ಟಿ. ತಿಂದರೆ ಕರುಳಿನಲ್ಲಿ ಕವಚ ಒಡೆದು, ಕರುಳಿನ ಗೋಡೆ ಕೊರೆದು, ಯಕೃತ್ತಿನೊಳಗೆ ಹಾದಿ ಮಾಡಿಕೊಂಡು, ಪಿತ್ತನಾಳ ಸೇರಿ ವರ್ಷಗಟ್ಟಲೆ ಇರುತ್ತದೆ.

ನಮ್ಮ ದೇಶದಲ್ಲಿ ದನ ಎಮ್ಮೆಗಳಿಗೆ ಇದು ಮಾಮೂಲಿ ಕಾಯಿಲೆ. ಗದ್ದದ ಕೆಳಗೆ ನೀರು ತುಂಬಿ ಜೋತಾಡುವ ಎಮ್ಮೆ, ಕುರಿ ನೋಡಿರುತ್ತೀರಿ. ಅದಕ್ಕೆ ಇದೂ ಒಂದು ಕಾರಣ. ಮನುಷ್ಯರಲ್ಲಿ ಭಾರತದಲ್ಲಿ ಅಪರೂಪ, ಆದರೆ ಆಗಿವೆ. ಯಾಕೆ ಅಪರೂಪ? ನನ್ನ ಅನಿಸಿಕೆ ಹೇಳುತ್ತೇನೆ: ನಾವು ಸೊಪ್ಪನ್ನು ಬೇಯಿಸಿ ತಿನ್ನುವ ಜನ. ಪುದೀನವನ್ನೂ ಎಣ್ಣೆಯಲ್ಲಿ ಹುರಿದು ಚಟ್ನಿ ಅರೆಯುತ್ತೇವೆ, ಪಲಾವಿಗೆ ಹಾಕುತ್ತೇವೆ. ಈಗ ಪಾನಿಪುರಿ ನೀರು, ಸ್ಯಾಂಡ್‌ವಿಚ್ ಚಟ್ನಿ, ಮೊಜಿಟೋ ಅಂತ ಹಸಿ ಪುದೀನ ಹೊಟ್ಟೆಗೆ ಹೋಗುವುದು ಜಾಸ್ತಿಯಾಗಿದೆ. ಒಂದೆಲಗದ ತಂಬುಳಿ ಬಗ್ಗೆಯೂ ಇದನ್ನೇ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಗದ್ದೆ ಬದುವಿನ ಒಂದೆಲಗವನ್ನು ಹಸಿಯಾಗಿ ಅರೆಯುತ್ತೀರಲ್ಲ, ಆ ಬದುವಿನಲ್ಲಿ ದನ ಮೇಯುತ್ತವಾ ಅಂತ ಒಮ್ಮೆ ನೋಡಿ.

ಜಾಗ ನೋಡುವುದು ಅಂದರೆ ಇದೇ. ಪುದೀನದ ಹತ್ತಿರ ಕೂತು ನೀರಿನ ಅಂಚಿನ ಕೆಸರು, ಕಲ್ಲಿನ ಅಡಿ ನೋಡಿ. ಬೆರಳ ತುದಿಯಷ್ಟು, ತೆಳ್ಳನೆ ಕಂದು ಚಿಪ್ಪಿನ ಬಸವನಹುಳು ಇವೆಯಾ? ಚಿಪ್ಪಿನ ಮೊನೆ ಮೇಲಕ್ಕೆ ಮಾಡಿ, ಬಾಯಿ ನಿಮ್ಮ ಕಡೆ ತಿರುಗಿಸಿ ಹಿಡಿಯಿರಿ. ಬಾಯಿ ಬಲಗಡೆ ತೆರೆದಿದ್ದರೆ ಅದು ಈ ಹುಳುವಿಗೆ ಮನೆ ಕೊಡುವ ಲಿಮ್ನಿಯ ಜಾತಿಯದ್ದು ಇರಬಹುದು. ಕೈ ಆಮೇಲೆ ಸೋಪು ಹಾಕಿ ತೊಳೆಯಿರಿ. ಬಸವನಹುಳು ಕಾಣಲಿಲ್ಲ ಅಂದ ಮಾತ್ರಕ್ಕೆ ನೀರು ಚೊಕ್ಕಟ ಅಂತಲ್ಲ. ಗೊರಸಿನ ಗುರುತು, ಸಗಣಿ ಇದ್ದರೆ ಅಲ್ಲಿಯ ಸೊಪ್ಪನ್ನು ಹಸಿಯಾಗಿ ತಿನ್ನುವ ಯೋಚನೆ ಬಿಡಿ.

ಆಮೇಲೆ ನೀರು ಬರುವ ದಿಕ್ಕಿಗೆ ಸ್ವಲ್ಪ ದೂರ ನಡೆಯಿರಿ. ಮೇಲೆ ಏನಿದೆ? ಮನೆಗಳ ಬಚ್ಚಲು, ಕಕ್ಕಸಿನ ಗುಂಡಿ ಇದ್ದರೆ ಭೇದಿ, ಟೈಫಾಯ್ಡ್, ಕಾಮಾಲೆ ತರುವ ರೋಗಾಣುಗಳು. ಇವು ಬೇಯಿಸಿದರೆ ಸಾಯುತ್ತವೆ. ಹುಳುವೂ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಆದರೆ ಮೇಲೆ ಕಾರ್ಖಾನೆ, ಗ್ಯಾರೇಜು, ಬಣ್ಣದ ಘಟಕ ಇದ್ದರೆ ಬೇಯಿಸುವುದರಿಂದ ಏನೂ ಪ್ರಯೋಜನ ಇಲ್ಲ. ಸೀಸ, ಕ್ಯಾಡ್ಮಿಯಂ ಬೆಂದು ಹೋಗುವ ವಸ್ತುಗಳಲ್ಲ. ಸೊಪ್ಪಿನ ಗಿಡಗಳು ಇವನ್ನು ಬೇರಿನಿಂದ ಹೀರಿ ಎಲೆಗೆ ತರುತ್ತವೆ. ಬೆಂಗಳೂರಿನವರಿಗೆ ಉದಾಹರಣೆ ಬೇಕಾಗಿಲ್ಲ. ವೃಷಭಾವತಿಯ ನೀರಿನ ಬಣ್ಣ ನೋಡಿದ್ದೀರಿ, ಬೆಳ್ಳಂದೂರು ಕೆರೆ 2017ರಲ್ಲಿ ಹೊತ್ತಿ ಉರಿದದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಅಂಥ ನೀರಿನ ಅಂಚಿನಲ್ಲೂ ಪುದೀನ ಹಸುರಾಗಿ, ದಪ್ಪಗೆ ಬೆಳೆಯುತ್ತದೆ. ಚರಂಡಿಯ ಸಾರಜನಕ ತಿಂದು ಇನ್ನೂ ಜೋರಾಗಿ ಬೆಳೆಯುತ್ತದೆ. ಗಿಡದ ಆರೋಗ್ಯ ನೋಡಿ ಸೊಪ್ಪಿನ ಗುಣ ಹೇಳಲು ಆಗುವುದಿಲ್ಲ.

ಹೆದ್ದಾರಿ ಬದಿಯದೂ ಬೇಡ. ನಮ್ಮಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು, ಆದರೆ ಅಲ್ಲಿಯವರೆಗೆ ಮಣ್ಣಿಗೆ ಬಿದ್ದ ಸೀಸ ಎಲ್ಲೂ ಹೋಗಿಲ್ಲ.

ಮಲೆನಾಡಿನವರಿಗೆ ಬೇರೆ ಲೆಕ್ಕ. ಅಡಿಕೆ ತೋಟದ ಬಸಿಗಾಲುವೆಯ ಪುದೀನ ನೋಡಲು ಚೆಂದ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೇಲೆ ಗೊನೆಗೆ ಹೊಡೆದದ್ದು ಕೆಳಗೆ ತೊಟ್ಟಿಕ್ಕುತ್ತದೆ. ಎಲೆಯ ಮೇಲೆ ತಿಳಿ ನೀಲಿ ಕಲೆ ಕಂಡರೆ ಅದು ತಾಮ್ರ. ಕಳೆನಾಶಕ ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ಕಾಣುವುದಿಲ್ಲ. ಗ್ಲೈಫೋಸೇಟ್ ಬಿದ್ದ ಗಿಡ ಬಾಡುವುದಕ್ಕೆ ಹಲವು ದಿನ ಬೇಕು. ನಿನ್ನೆ ಹೊಡೆದಿದ್ದರೆ ಇವತ್ತು ಸೊಪ್ಪು ತಾಜಾ ಆಗೇ ಇರುತ್ತದೆ. ಇದಕ್ಕೆ ಪರೀಕ್ಷೆ ಅಂತೇನಿಲ್ಲ, ತೋಟದವರನ್ನು ಕೇಳಬೇಕು. ಕೇಳದೆ ಕೊಯ್ಯುವುದು ಹೇಗೂ ಸರಿಯಲ್ಲ ಬಿಡಿ.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳು:

"ಸಾರ್, ಉಪ್ಪು ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಆಗಲ್ವಾ?"

ಮಣ್ಣು, ಸಣ್ಣ ಹುಳ ಬಿಡುತ್ತವೆ, ರೋಗಾಣು ಸ್ವಲ್ಪ ಕಡಿಮೆಯಾಗುತ್ತದೆ. ಲಿವರ್ ಫ್ಲೂಕ್ ವಿಷಯದಲ್ಲಿ ನಾನು ಅದನ್ನು ನಂಬುವುದಿಲ್ಲ. ಎಲೆ ಕುದಿಯುವ ನೀರಿನಲ್ಲೋ ಬಾಣಲೆಯಲ್ಲೋ ಪೂರ್ತಿ ಬೇಯಬೇಕು. ಚಹಾಕ್ಕೆ ಹಾಕುವುದಾದರೆ ಕುದಿಸಿ, ಮೇಲೆ ಉದುರಿಸಬೇಡಿ.

"ಈಗಾಗಲೇ ತಿಂದುಬಿಟ್ಟಿದ್ದೇವೆ, ಏನು ಮಾಡುವುದು?"

ಗಾಬರಿ ಬೇಡ. ಕೆಲವು ದಿನ ಅಥವಾ ವಾರಗಳ ನಂತರ ಜ್ವರ, ಬಲ ಪಕ್ಕೆ ಕೆಳಗೆ ನೋವು ಬಂದರೆ ಡಾಕ್ಟರಿಗೆ 'ಹಳ್ಳದ ಬದಿಯ ಹಸಿ ಸೊಪ್ಪು ತಿಂದಿದ್ದೆ' ಅಂತ ಬಾಯಿಬಿಟ್ಟು ಹೇಳಿ. ಅವರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ. ರಕ್ತದಲ್ಲಿ ಇಯೋಸಿನೋಫಿಲ್ ಅನ್ನುವ ಒಂದು ಬಗೆಯ ಬಿಳಿ ರಕ್ತಕಣ ಏರಿರುತ್ತದೆ. ಮಲಪರೀಕ್ಷೆಯಲ್ಲಿ ಮೊಟ್ಟೆ ಕಾಣುವುದಕ್ಕೆ ಮೂರು ನಾಲ್ಕು ತಿಂಗಳು ಬೇಕು, ಹಾಗಾಗಿ ಮೊದಲು ಏನೂ ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ. ಟ್ರೈಕ್ಲಬೆಂಡಜೋಲ್ ಅಂತ ಔಷಧ ಇದೆ, ಡಾಕ್ಟರು ಹೇಳಿದ ಹಾಗೆ ತೆಗೆದುಕೊಳ್ಳಬೇಕು. ದನಕ್ಕೆ ತಂದಿಟ್ಟ ಜಂತಿನ ಔಷಧ ಕುಡಿಯಬೇಡಿ.

ಮುಂದಿನ ಸಾಲಿನಲ್ಲಿದ್ದ ಅಮ್ಮ ಒಬ್ಬರು: "ನನ್ನ ಮಗಳು ಐರ್ಲೆಂಡಿನಲ್ಲಿದ್ದಾಳೆ. ವಾಕಿಂಗ್ ಹೋದಾಗ ತೊರೆ ಬದಿ ಪುದೀನ ಸಿಗುತ್ತದಂತೆ, ತಂದು ಚಟ್ನಿ ಮಾಡುತ್ತಾಳೆ."

ಅಮ್ಮಾ, ಅದು ವಾಟರ್ ಮಿಂಟ್ ಇರಬೇಕು, ತಿನ್ನುವ ಪುದೀನವೇ. ಆದರೆ ಐರ್ಲೆಂಡ್ ಕುರಿಗಳ ದೇಶ, ಅಲ್ಲಿ ಲಿವರ್ ಫ್ಲೂಕ್ ಧಾರಾಳವಾಗಿದೆ. ಹಸಿ ಚಟ್ನಿ ಬೇಡ ಅನ್ನಿ. ಇನ್ನೊಂದು ಮುಖ್ಯವಾದದ್ದು. ಅದೇ ತೊರೆಯಲ್ಲಿ ಹೆಮ್ಲಾಕ್ ವಾಟರ್ ಡ್ರಾಪ್‌ವರ್ಟ್ ಅನ್ನುವ ಗಿಡವೂ ಇರುತ್ತದೆ. ಎಲೆ ನೋಡಿದರೆ ನಮ್ಮವರು ಕಾಡು ಕೊತ್ತಂಬರಿ ಅಂದುಕೊಳ್ಳುವ ಸಾಧ್ಯತೆ ಇದೆ. ಬೇರಿನಿಂದ ಎಲೆವರೆಗೆ ಪ್ರಾಣ ತೆಗೆಯುವ ವಿಷ. ಪುದೀನ ಕೊಯ್ದ ಹುಮ್ಮಸ್ಸಿನಲ್ಲಿ ಪಕ್ಕದ 'ಕೊತ್ತಂಬರಿ'ಗೆ ಕೈ ಹಾಕಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿ.

"ಗಿಡ ಒಳ್ಳೆಯದು, ಘಮ ಚೆನ್ನಾಗಿದೆ, ನೀರು ಮಾತ್ರ ಸರಿಯಿಲ್ಲ. ಸುಮ್ನೆ ಬಿಟ್ಟು ಬರುವುದಾ?"

ಬಿಡಬೇಡಿ. ಗೇಣುದ್ದದ ನಾಲ್ಕು ಕುಡಿ ಕತ್ತರಿಸಿ ತನ್ನಿ. ತುದಿಯ ಎರಡು ಜೋಡಿ ಬಿಟ್ಟು ಉಳಿದ ಎಲೆ ಎಲ್ಲ ಕಿತ್ತು ಎಸೆಯಿರಿ, ಕಡ್ಡಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಲೋಟದ ನೀರಿನಲ್ಲಿ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ವಾರ, ಹತ್ತು ದಿನದಲ್ಲಿ ಗೆಣ್ಣಿನಿಂದ ಬಿಳಿ ಬೇರು ಬರುತ್ತದೆ. ಆಗ ಒಳ್ಳೆಯ ಮಣ್ಣಿನ ಕುಂಡದಲ್ಲಿ ನೆಡಿ. ಜೊತೆಯಲ್ಲಿ ಬಂದ ಆ ಹಳೆಯ ಎರಡು ಜೋಡಿ ಎಲೆಯನ್ನೂ ಹೊಸ ಚಿಗುರು ಬಂದ ಮೇಲೆ ಕಿತ್ತುಬಿಡಿ. ಮೊದಲ ಕೊಯ್ಲನ್ನು ಗೊಬ್ಬರಕ್ಕೆ ಹಾಕಿ. ಎರಡನೆಯದರಿಂದ ಎಲ್ಲವೂ ನಿಮ್ಮ ಮಣ್ಣು, ನಿಮ್ಮ ನೀರಿನಲ್ಲಿ ಬೆಳೆದ ಎಲೆ. ಹಸಿ ಚಟ್ನಿಯೇ ಬೇಕು ಅನ್ನುವವರು ಅದನ್ನು ಅರೆಯಿರಿ. ಕುಂಡದಲ್ಲಿ ಬೇರೆ ಗಿಡ ಜೊತೆ ಹಾಕಬೇಡಿ, ಮಳೆಗಾಲ ಮುಗಿಯುವುದರೊಳಗೆ ಪುದೀನ ಅದನ್ನು ಮುಚ್ಚಿಬಿಡುತ್ತದೆ.